ಎಳೆಪಾಕ

ಎರಡು ಟ್ಯೂಬು ರಕ್ತ, ಒಂದು ಡಬ್ಬಿ ಎಂಜಲು.
ಉಪ್ಪಿಟ್ಟು ತಿಂದು ಬಂದಿದ್ದಕ್ಕೆ
ಅರ್ಧ ಗಂಟೆ ಕೂರಿಸಿದೆ.
"ಉಗಿಯಕ್ಕೂ ಟೈಮ್ ಐತಾ ತಾಯಿ?" ಅಂದರು
ಪಾಂಡವಪುರದ ಕಡೆಯ ಚಿಕ್ಕಬೋರಯ್ಯ,
ನಲವತ್ತು ವರ್ಷ ಆಲೆಮನೆಯಲ್ಲಿ ಪಾಕ ನೋಡಿದವರು.

ಮೈಸೂರಿನ ಈ ನೆಲಮಾಳಿಗೆಯಲ್ಲಿ
ನನ್ನದೂ ಅದೇ ಕಸುಬು ಎಂದು
ಅವರೇ ಹೇಳಿದ್ದು, ನಾನಲ್ಲ:
"ಕೊಪ್ಪರಿಗೆಯಿಂದ ಒಂದು ತೊಟ್ಟು ತಗದು
ತಣ್ಣೀರಿಗೆ ಬುಡ್ತೀವಿ.
ಕರ್ಗೋದ್ರೆ ಇನ್ನೂ ಇಲ್ಲ.
ಬೆರಳಿಗೆ ಉಂಡೆ ಸಿಕ್ತಾ, ಇಳ್ಸು.
ವಸಿ ತಡ ಆಯ್ತಾ, ಸೀದೋಯ್ತು.
ನೀವೂ ತೊಟ್ಟಲ್ಲೇ ತಾನೆ ನೋಡದು?"

ತೊಟ್ಟಲ್ಲೇ.
ಯಂತ್ರ ಗಿರ್ರನೆ ತಿರುಗಿ ನಿಂತಾಗ
ಕೆಂಪು ತಳಕ್ಕೆ ಕೂತು, ಮೇಲೆ ತಿಳಿ,
ಬೆಂಡೆ ಲೋಳೆ ಹಾಕಿ ಮಡ್ಡಿ ತೆಗೆದ
ಕಬ್ಬಿನ ಹಾಲಿನ ಬಣ್ಣದ್ದು.
ಅದರಲ್ಲೆಲ್ಲೋ
ಗಡ್ಡೆ ತನಗರಿವಿಲ್ಲದೆ ಉದುರಿಸಿದ
ಡಿಎನ್‌ಎ ಚೂರು,
ರಚ್ಚಿನ ಗಾಡಿ ಹೋದ ದಾರಿಯಲ್ಲಿ ಬಿದ್ದ ಎಳೆಯ ಹಾಗೆ.
ಎಳೆ ನೋಡಿ ಗಾಡಿ ಯಾರದೆಂದು ಹೇಳಬೇಕು.

ಎಂಜಲಿಗೆ ಬೇರೆಯದೇ ಪ್ರಶ್ನೆ:
ಈ ಮೈಯಲ್ಲಿ ಈ ಔಷಧ ಅರಗೀತೋ,
ವಿಷವಾಗಿ ನಿಂತೀತೋ.
ಅಪ್ಪನೋ ಅವ್ವನೋ ಕೊಟ್ಟ ಒಂದೇ ಅಕ್ಷರದ ವ್ಯತ್ಯಾಸ, ಎಂದೆ.
"ನಮ್ಮವ್ವಂಗೆ ಓದಕ್ಕೇ ಬತ್ತಿರ್ಲಿಲ್ಲ.
ಅಕ್ಷರ ಎಲ್ಲಿಂದ ಕೊಟ್ಟಾಳು?"

ಹದಿಮೂರನೆಯ ದಿನ ವರದಿ.
ಒಂದು ಔಷಧದ ಮುಂದೆ: ಸ್ಪಂದಿಸುವ ಸಂಭವ ಕಡಿಮೆ.
ಇನ್ನೊಂದರ ಮುಂದೆ: ಅರ್ಧ ಡೋಸಿನಿಂದ ಶುರು.
ಮೂರನೆಯದಕ್ಕೆ, ಟೈಪು ಮಾಡಿದ ನನಗೇ ಇಷ್ಟವಿಲ್ಲದ ಮಾತು:
ಖಚಿತವಾಗಿ ಹೇಳಲಾಗದು.

ಓದಿ ಹೇಳುವುದು ಡಾಕ್ಟರ ಕೆಲಸ. ನಾನು ಬಾಯಿ ಬಿಡುವಂತಿಲ್ಲ.
ಮೆಟ್ಟಿಲ ಹತ್ತಿರ ಅಡ್ಡ ಸಿಕ್ಕರು.
"ಉಂಡೆ ಸಿಕ್ತಾ ತಾಯಿ?"
ಎಳೆಪಾಕ, ಅಂದುಬಿಟ್ಟೆ.

ಟವೆಲ್ಲು ಕೊಡವಿ ಮತ್ತೆ ಹೆಗಲಿಗೆ ಹಾಕಿಕೊಂಡರು.
ಆಮೇಲೆ,
"ಚೌಳು ನೆಲದ ಕಬ್ಬು ಅಂತ ಇರ್ತದೆ.
ಎಷ್ಟು ಕಾಯಿಸಿದ್ರೂ ಅಚ್ಚಿಗೆ ಕೂರಕ್ಕಿಲ್ಲ.
ಮೊದಲನೇ ತೊಟ್ಟಲ್ಲೇ ನಂಗೆ ಗೊತ್ತಾಗದು.
ತಂದೋನ ಮಕ ನೋಡಿ ಹೇಳ್ತಿರ್ಲಿಲ್ಲ,
ಉರಿ ಹಾಕಿಸ್ತಿದ್ದೆ.
ಹೇಳ್ಬೇಕಿತ್ತು ಕಣವ್ವ.
ಅಷ್ಟು ರಚ್ಚು ಉಳೀತಿತ್ತು."

ಮೊದಲ ಔಷಧ ಬಿಟ್ಟರು. ಎರಡನೆಯದು ಅರ್ಧ
ಸೋಮವಾರದಿಂದ ಇಳಿಯುತ್ತಿದೆ, ತೊಟ್ಟು ತೊಟ್ಟು.
ಮುಂದಿನ ಟ್ಯೂಬಿಗೆ ಆರು ವಾರ.

ಮಿಕ್ಕ ತಿಳಿಯನ್ನು
ಮೈನಸ್ ಎಂಬತ್ತರ ಪೆಟ್ಟಿಗೆಗೆ ಇಟ್ಟೆ,
ಹೆಸರಿಲ್ಲ, ನಂಬರು.
ಗ್ಲೌಸು ಮರೆತಿದ್ದೆ.
ಬಾಗಿಲು ಹಾಕುವಾಗ ಬೆರಳು ಅಂಟಿತು,
ಸಿಹಿಗಲ್ಲ, ಚಳಿಗೆ.