ಸಬೀಹಾಳ ಮೇಜಿನ ಮೇಲೆ

ನಿಟುವಳ್ಳಿಯಿಂದ ಹದಡಿ ರಸ್ತೆಯ ಹೊಸ ಲೇಔಟಿನ ತನಕ
ಕಿಟಕಿ ಕಿಟಕಿಗೆ ಸೊಳ್ಳೆಜಾಲರಿ ಕೂರಿಸಿದವನು ನಾನು.
ಕೊರೆದ ತೂತಿಗೆ ಲೆಕ್ಕ ಇಟ್ಟವರಿಲ್ಲ.

ಮೊದಲು ವೈರಿನ ಡ್ರಿಲ್ಲಿತ್ತು.
ಹೊಸ ಮನೆಗೆ ಮೀಟರು ಬಂದಿರುವುದಿಲ್ಲ,
ಪಕ್ಕದವರ ಕಾಲು ಹಿಡಿದು ಕರೆಂಟು ಎಳೆಯಬೇಕು.
ಆಕೆ ಮಿಕ್ಸಿ ಹಾಕಲೆಂದು ಪ್ಲಗ್ಗು ಕಿತ್ತಳೋ,
ಅರ್ಧ ತೂತಿನಲ್ಲೇ ಕೈಬಿಟ್ಟು ನಿಂತಿತು ಬಿಟ್ಟು.

ಮಂಡಿಪೇಟೆಯಲ್ಲಿ ಭಂವರಲಾಲ
ಗಾಜಿನ ಮೇಜಿನ ಮೇಲೆ ನಾಲ್ಕನ್ನು ಮಲಗಿಸಿದ.
"ಇದು ನೋಡ್ರಿ, ನಲವತ್ತೆಂಟು ವೋಲ್ಟು ಅಂತ ಬರದೈತಿ,
ಡಬ್ಬಿ ತುಂಬ ನೂರಾ ಎಂಟು ಸಾಮಾನು, ಎರಡೇ ಸಾವಿರ!"
ನೂರಾ ಎಂಟು ಬೇಕಿರುವುದು ದೇವರ ಹೆಸರಿಗೆ.
ನನಗೆ ಬೇಕಿದ್ದದ್ದು ಆರು ಎಂಎಂ ಬಿಟ್ಟೊಂದು.
ಚಕ್ಕು ಹಿಡಿದು ಅಲ್ಲಾಡಿಸಿದೆ:
ಹಾಲುಹಲ್ಲಿನ ಹಾಗೆ ಅಲುಗಿತು.

ಎರಡನೆಯದು ಗೋಡೆ ಒಡೆಯುವ ಪೈಲ್ವಾನ.
ಏಣಿಯ ತುದಿಯಲ್ಲಿ, ತಲೆಯ ಮೇಲೆ ಕೈ ಚಾಚಿ
ಹತ್ತು ನಿಮಿಷ ಹಿಡಿದವನಿಗೇ ಗೊತ್ತು
ಕಾಲು ಕೇಜಿ ಅಂದರೆ ಎಷ್ಟು ಕೇಜಿ ಎಂದು.
ಮೂರನೆಯದರ ಹಿಡಿ ಹಿತವಾಗಿತ್ತು,
ಅದರ ಬ್ಯಾಟರಿ ಮಾತ್ರ ಈ ಊರಲ್ಲಿ ಸಿಗುವುದಿಲ್ಲ.

ಅವ್ವ ಕೊಡ ಕೊಳ್ಳುವಾಗ ಬೆರಳು ಮಡಿಸಿ ತಟ್ಟುತ್ತಿದ್ದಳು.
ನಾನೂ ನಾಲ್ಕನೆಯದನ್ನು ಕಿವಿಗಿಟ್ಟು ಗುಂಡಿ ಒತ್ತಿದೆ.
ಬೂದು ಬಣ್ಣ, ಹದಿನೆಂಟು ವೋಲ್ಟು, ಎರಡು ಬ್ಯಾಟರಿ,
ನಾಲ್ಕು ಸಾವಿರದಿನ್ನೂರು.
ಭಂವರಲಾಲ ಬಿಲ್ಲಿನಲ್ಲಿ ಬರೆದ: ಕೊಟ್ರೇಶಿ, ಜಾಲರಿ.

ಮೂರು ವರ್ಷ.
ಆಮೇಲೆ ಚಾರ್ಜರಿನ ಕೆಂಪು ದೀಪ
ಹಸಿರಾಗುವುದನ್ನೇ ಮರೆತಿತು.
ಎರಡು ಸ್ಕ್ರೂ ತಿರುಗಿಸುವಷ್ಟರಲ್ಲಿ ಏದುಸಿರು.
ಒಂದು ಹೋಯಿತು. ಹಿಂದೆಯೇ ಇನ್ನೊಂದು.
ಹೊಸ ಬ್ಯಾಟರಿಗೆ ಎರಡು ಸಾವಿರದೇಳುನೂರಂತೆ.
"ಇನ್ನೊಂದೂವರೆ ಹಾಕಿದ್ರ ಮಷೀನೇ ಹೊಸದು ಬರ್ತದಲ್ರೀ!"
ಕುದುರೆ ಗಟ್ಟಿಯಿದೆ,
ಹುಲ್ಲಿಗೆ ಕುದುರೆಯ ರೇಟು.

ಬಾಷಾ ನಗರದಲ್ಲಿ ಮಂಡಕ್ಕಿ ಭಟ್ಟಿಯ ಪಕ್ಕ
ಸಬೀಹಾಳ ಅಂಗಡಿ. ಬೋರ್ಡಿನ ಮೇಲೆ ಇನ್ನೂ ಅವಳಪ್ಪನ ರೇಡಿಯೋ ಚಿತ್ರ.
ನಾಲ್ಕು ಸ್ಕ್ರೂ ಬಿಚ್ಚಿದಳು.
ಒಂದೇ ಚಾಪೆಯಲ್ಲಿ ಒತ್ತಿಕೊಂಡು ಮಲಗಿದ್ದವು ಐದು ಸೆಲ್ಲು.
ಮೀಟರಿನ ಮುಳ್ಳು ತಾಗಿಸುತ್ತ ಹೋದಳು:
ಮೂರೂವರೆ. ಮೂರೂವರೆ. ಮೂರೂವರೆ. ಸೊನ್ನೆ. ಮೂರೂವರೆ.

"ಸತ್ತಿರೋದು ಒಂದೇ ಅಲ್ವೇನಮ್ಮ, ಅದೊಂದನ್ನ ಬದಲಿಸು."
ಅವಳು ತಲೆ ಎತ್ತಲಿಲ್ಲ.
"ಹಳೇ ನಾಲ್ಕರ ಸಂಗಡ ಹೊಸದೊಂದು ಕಟ್ಟಿದ್ರೆ
ಅವು ಕುಂತಲ್ಲಿ ಇದೂ ಕುಂತ್ಕೋಬೇಕು ಕಾಕಾ.
ತಿಂಗಳಿಗೆ ನೀವು ಬಂದು ನನ್ನ ಬೈತೀರಿ.
ಐದೂ ಹಾಕಿಸ್ರಿ. ಸಾವಿರದ ನೂರೈವತ್ತು."

ಸೋಲ್ಡರಿನ ಕಾವು ಇವಕ್ಕೆ ಆಗದಂತೆ.
ತೆಳ್ಳನೆ ಪಟ್ಟಿ ಇಟ್ಟು, ಕಾಲಲ್ಲಿ ಪೆಡಲು ಒತ್ತಿ,
ಚಿಟಿಕ್, ಒಂದು ಕಿಡಿ. ಚಿಟಿಕ್.
ಗೋಡೆಯಾಚೆ ಕಾದ ಮರಳಿನಲ್ಲಿ
ಅಕ್ಕಿ ಅರಳುವ ಸದ್ದೂ ಅದೇ.
ಯಾವುದು ಯಾವುದೋ ತಿಳಿಯದೆ ಕುಳಿತಿದ್ದೆ.

ಸತ್ತದ್ದನ್ನು ಮರಳಿನ ಡಬ್ಬಿಗೆ ಹಾಕಿದಳು,
ಕಸಕ್ಕೆ ಬಿದ್ದರೆ ಬೆಂಕಿಯಂತೆ.
"ಉಳಿದ ನಾಲ್ಕು?"
"ಡ್ರಿಲ್ಲು ತಿರುಗ್ಸೋ ತಾಕತ್ತಿಲ್ಲ ಅಷ್ಟೇ," ಅಂದಳು.
ಭಟ್ಟಿಯವರು ಮೂರು ಗಂಟೆಗೆ ಏಳುತ್ತಾರೆ,
ಅವರಿಗೊಂದು ದೀಪ ಮಾಡಿಕೊಡುತ್ತಾಳಂತೆ.

ಸೋಮವಾರ ಹನ್ನೊಂದು ಕಿಟಕಿ.
ಏಣಿ ಹತ್ತಿ ಮೊದಲು ಕಿವಿಗಿಟ್ಟು ಕೇಳಿದೆ.
ಕನ್ನಡಕದ ಮೇಲೆ ಇಟ್ಟಿಗೆಯ ಕೆಂಪು ಪುಡಿ ಉದುರಿತು.

ಎರಡನೆಯ ಬ್ಯಾಟರಿ ಇನ್ನೂ ಚೀಲದ ತಳದಲ್ಲಿದೆ.
ಹದಡಿ ರಸ್ತೆಯವರು ಮೊದಲು ದುಡ್ಡು ಕೊಡಲಿ.