ಅಸ್ತರ

ನಾಯಿಗೂ ಮೊಣಕೈ ಇರುತ್ತದೆಂದು
ನಲವತ್ತು ವರ್ಷ ತೋಳು ಹೊಲಿದ ನನಗೇ ಗೊತ್ತಿರಲಿಲ್ಲ.
ಮುಂದಿನ ಕಾಲು ಅಂದುಕೊಂಡಿದ್ದೆ.
ಡಾಕ್ಟರ್ ಹಲಗಲಿ ಬೆರಳಿಟ್ಟು ತೋರಿಸಿದರು:
"ಇದು ಭುಜ, ಇದು ಮಣಿಕಟ್ಟು, ನಡುವ ಇದು ಮೊಣಕೈ.
ನಿಮಗ ಇದ್ದಂಗ, ನೋಡ್ರಿ."

ಗುಂಡಿಗೆ ಆಗ ಎಂಟು ತಿಂಗಳು.
ವರ್ಗವಾಗಿ ಹೋದ ಬ್ಯಾಂಕ್ ಮ್ಯಾನೇಜರ್ ಬಿಟ್ಟುಹೋದ ಲ್ಯಾಬ್ರಡಾರ್.
ಬಂದ ವಾರವೇ ಸಫಾರಿಯ ಮೂರು ಗುಂಡಿ ನುಂಗಿ
ಮರುದಿನ ಮೂರನ್ನೂ ಲೆಕ್ಕ ತಪ್ಪದೆ ವಾಪಸು ಕೊಟ್ಟಳು,
ಹೆಸರು ಹಾಗೆ ಬಂತು.
ನವನಗರದ ನಮ್ಮ ಸೆಕ್ಟರಿನ ರಸ್ತೆಯಲ್ಲಿ ನಡೆದು ಬರುವಾಗ
ಬಲಗಾಲು ನೆಲಕ್ಕೆ ತಾಗಿದಾಗಲೆಲ್ಲ
ತಲೆ ಮೇಲಕ್ಕೆ ಎತ್ತುತ್ತಿದ್ದಳು.
ಹೂಂ ಅನ್ನುತ್ತಾಳೆ ನೋಡು, ಎಂದು ಕುಸುಮಾ ನಕ್ಕಿದ್ದಳು.
ನಾನೂ ನಕ್ಕಿದ್ದೆ.

ಎಕ್ಸ್‌ರೇ ಹಾಳೆಯನ್ನು ಕಿಟಕಿಗೆ ಹಿಡಿದೆ,
ಬಟ್ಟೆಯ ನೇಯ್ಗೆ ನೋಡುವ ಹಾಗೆ.
ಎಲುಬಿನ ತುದಿಗೆ ತೊಗರಿಬೇಳೆಯ ಅರ್ಧದಷ್ಟು ಒಂದು ಚೂರು
ಬಿಟ್ಟೂ ಬಿಡದೆ ಕೂತಿತ್ತು.
"ಹೊರಗಿನ ಅರಿವಿ ಗಟ್ಟಿ ಐತಿ," ಅಂದರು, ನನ್ನ ಕಸಬು ತಿಳಿದವರು,
"ಒಳಗ ಅಸ್ತರ ಹರದೈತಿ."
ಅಸ್ತರ ಬದಲಿಸ್ರಿ, ಅಂದೆ.
ಸ್ವಲ್ಪ ಹೊತ್ತು ಸುಮ್ಮನಿದ್ದರು.
"ಚೂರು ತಗೀಬಹುದು. ಅಸ್ತರ ಯಾರ ಕೈಲೂ ಆಗಂಗಿಲ್ಲ."

ಲೋಕಾಪುರ, ಯರಗಟ್ಟಿ, ಬೆಳಗಾವಿ.
ಬಾಡಿಗೆ ಗಾಡಿಯ ಹಿಂದಿನ ಸೀಟಿನಲ್ಲಿ
ಚಿಂದಿ ಚೀಲದ ಮೇಲೆ ಮಲಗಿ ಹೋದಳು,
ಮರುದಿನ ಅದೇ ಚೀಲದ ಮೇಲೆ ಮಲಗಿ ಬಂದಳು.
ಎರಡು ತೂತು, ಎರಡೆರಡು ಹೊಲಿಗೆ.
ದಾರ ನೋಡಿದೆ. ಕೈ ಚಲೋ ಇತ್ತು.
ಚೂರನ್ನು ಸೀಸೆಯಲ್ಲಿ ಕೊಟ್ಟರು,
ಗುಂಡಿಗಳ ಡಬ್ಬಿಯಲ್ಲಿಟ್ಟಿದ್ದೇನೆ, ಮತ್ತೆಲ್ಲಿಡಲಿ?
ಹೊಸ ಮಷೀನಿಗೆಂದು ಕೂಡಿಟ್ಟ ದುಡ್ಡು ಮುಗಿಯಿತು.
ಕುಸುಮಾ ಮೂರು ದಿನ ಮಾತಾಡಲಿಲ್ಲ,
ನನ್ನ ಜೊತೆ.
ಗುಂಡಿಯ ಜೊತೆ ಆಡುತ್ತಲೇ ಇದ್ದಳು.

ಆರು ವಾರ ಹಗ್ಗ. ಆಮೇಲೆ ಓಟ.
ಒಂದು ವರ್ಷ, ಅಬ್ಬಾ, ಏನು ಓಟ!
ರೋಗ ಹೋಯಿತೆಂದು ಪೇಢೆ ಹಂಚಿದೆ.
ಡಾಕ್ಟರ್ ಒಂದನ್ನು ತಿಂದು, ಬೆರಳು ಒರೆಸಿಕೊಂಡು ಹೇಳಿದರು:
"ಸವಿಯೂದು ಸವೀತದ. ನಾವು ತಡ ಮಾಡೀವಿ, ಅಷ್ಟ."

ಮೂರನೆಯ ವರ್ಷದ ಹಾಳೆಯಲ್ಲಿ
ಕೀಲಿನ ಅಂಚಿಗೆ ಜಾಲಿಮುಳ್ಳಿನಂತೆ ಎಲುಬು ಚಿಗುರಿತ್ತು.
ತೂಕ ಇಳಿಸಿ, ಅಂದರು.
ಅಡತಿ ಅಂಗಡಿಯ ಕಾಟಾದ ಮೇಲೆ ನಿಲ್ಲಿಸಿದರೆ ಮೂವತ್ತೆಂಟು ಕಿಲೋ.
ಓಣಿಯ ತುಂಬ ರೊಟ್ಟಿ ಹಾಕುವ ಕೈಗಳು,
ಮನೆಮನೆಗೆ ಹೋಗಿ ಕೈ ಮುಗಿದೆ.
ಮೂವತ್ತೊಂದಕ್ಕೆ ಬರಲು ಹದಿನಾಲ್ಕು ತಿಂಗಳು ಹಿಡಿಯಿತು.
ಸುನಂದವ್ವ ಇಂದಿಗೂ ಸೆರಗಿನಲ್ಲಿ ತುಣುಕು ತರುತ್ತಾಳೆ,
ನಾನು ಇಂದಿಗೂ ಅತ್ತ ನೋಡುವುದಿಲ್ಲ.

ಈಜಿಸ್ರಿ, ನೀರು ಭಾರ ಹೊರತದ, ಅಂದಿದ್ದರು.
ದೀಪಾವಳಿಯ ಹೊತ್ತಿಗೆ ಹಿನ್ನೀರು ತುಂಬಿರುತ್ತದೆ.
ಹಳೇ ಪೇಟೆಯಲ್ಲಿ ನನ್ನ ಅಂಗಡಿ ಇದ್ದದ್ದು ಸರಿಸುಮಾರು ಅಲ್ಲೇ,
ಅವಳ ಹೊಟ್ಟೆಯ ಕೆಳಗೆ.
ಅವಳಿಗೇನು ಗೊತ್ತು. ಮೂಗು ಮೇಲಿಟ್ಟು
ನನ್ನ ಕಟಿಂಗ್ ಟೇಬಲ್ಲಿನ ಮೇಲಿಂದ, ಮಾಳಿಗೆಯ ಮೇಲಿಂದ
ಕುಂಟದೆ ಹೋಗುತ್ತಾಳೆ.

ಈಗ ಒಂಬತ್ತು.
ಬಿಸಿಲು ಹೊಸ್ತಿಲು ದಾಟುವ ತನಕ ಏಳುವುದಿಲ್ಲ.
ಊಟದ ಮೇಲೆ ಅರ್ಧ ಗುಳಿಗೆ.
ಮೆಟ್ಟಿಲಿಗೆ ಹಳೆಯ ಇಸ್ತ್ರಿ ಹಲಗೆ ಒರಗಿಸಿದ್ದೇನೆ.
ತಿಂಗಳಿಗೊಮ್ಮೆ ಟೇಪು ಸುತ್ತಿ ಬರೆಯುತ್ತೇನೆ,
ಗಿರಾಕಿಗಳ ಅಳತೆ ಪುಸ್ತಕದಲ್ಲೇ:
ಗುಂಡಿ. ತೋಳು. ಎಡ ಒಂಬತ್ತೂವರೆ. ಬಲ ಎಂಟೂಮುಕ್ಕಾಲು.

ನಿನ್ನೆ ಮದುವೆ ಸೂಟಿಗೆ ಬಂದ ಹುಡುಗ ಪುಟ ತಿರುವಿ ಕೇಳಿದ:
"ಇದೇನ್ರಿ ಕಾಕಾ, ಎರಡು ತೋಳು ಎರಡು ನಮೂನಿ?
ಯಾವಾಗ ಕೊಡೂದೈತಿ ಇದನ್ನ?"
ಕೊಡೂದಿಲ್ಲೋ ತಮ್ಮಾ. ಅಳತಿ ಅಷ್ಟ.
ಕೈ ಎತ್ತು, ಅಂದೆ.
ಅವನ ಮೊಣಕೈ ಸಲೀಸಾಗಿ ಮಡಚಿಕೊಂಡಿತು,
ಸದ್ದೇ ಇಲ್ಲದೆ.