ಒತ್ತು

ಕೌಲ್ ಬಜಾರಿನ ಒಂದು ಅಡ್ಡಬೀದಿ.
ಕೆಳಗೆ ಜೀನ್ಸ್ ಹೊಲಿಯುವ ಇಪ್ಪತ್ತೆರಡು ಮಷಿನ್ನು,
ಮೇಲೆ ತಗಡಿನ ಕೋಣೆಯಲ್ಲಿ ನಾನು, ಒಂದು ಕೂಲರು,
ಹೊನ್ನೂರಸಾಬರ ಪ್ಯಾಂಟುಗಳಿಗೆ ಕಟ್ಟಬೇಕಾದ ವೆಬ್‌ಸೈಟು.
ಕರೆಂಟು ಹೋದಾಗ ಮಾತ್ರ ನನ್ನ ಮೇಜು ಅಲುಗುವುದಿಲ್ಲ.

ನಾನು ಕಲಿಯುವಾಗ ಪರದೆಯ ಗುಂಡಿ ಉಬ್ಬಿರುತ್ತಿತ್ತು,
ಮಿರುಗುತ್ತಿತ್ತು, ಅಮುಕಿದರೆ ಕುಗ್ಗುತ್ತಿತ್ತು.
ಆಮೇಲೆ ಇಸ್ತ್ರಿ ಹೊಡೆದ ಹಾಗೆ ಎಲ್ಲವನ್ನೂ ಚಪ್ಪಟೆ ಮಾಡಿದರು.
ನೆರಳು ತೆಗೆದರು. ಯಾವುದು ಗುಂಡಿ, ಯಾವುದು ಬರೀ ಮಾತು
ಎಂದು ಜನ ತಡವಾಡತೊಡಗಿದರು.
ಈಗ ಗಾಜು ಬಂದಿದೆ:
ಹಿಂದಿರುವುದೆಲ್ಲ ಮಬ್ಬುಮಬ್ಬಾಗಿ ಕಾಣಬೇಕಂತೆ,
ಸಂಡೂರಿನಿಂದ ಬರುವ ಬಸ್ಸಿನ ಕಿಟಕಿಯ ಹಾಗೆ.
ನಮಗದು ಹೊಸದೇ?

ಮೂಲೆಯಲ್ಲಿ ಮೂರು ಗೆರೆ ಇಟ್ಟೆ.
ಜಿಪ್ಪು ಮಾರುವ ವೀರಭದ್ರಯ್ಯನವರು ಬಗ್ಗಿ ನೋಡಿದರು.
'ವಿಭೂತಿ ಯಾಕ ಹಚ್ಚಿದಿಯವ್ವ ಇದಕ್ಕ?'
ಒತ್ತಿ ನೋಡಿ ಅಯ್ಯನವರೇ, ಒಳಗೆ ಎಲ್ಲಾ ಇದೆ ಎಂದೆ.
'ಒಳಗ ಎಲ್ಲಾ ಐತಿ ಅಂತ ಹೊರಗ ಮೂರು ಗೆರಿ.
ನಾ ಅಂದದ್ದೂ ಅದನ್ನೇ.'

ಕಪ್ಪು ಪುಟ ಈಗಿನ ಚಂದ ಎಂದು ಕಪ್ಪು ಮಾಡಿದ್ದೆ.
ಸಿರುಗುಪ್ಪದ ಅಂಗಡಿಯವ ಮಟಮಟ ಮಧ್ಯಾಹ್ನ
ಬಸ್‌ಸ್ಟ್ಯಾಂಡಿನಲ್ಲಿ ನಿಂತು ಫೋನು ಮಾಡಿದ:
'ಮೇಡಂ, ಪ್ಯಾಂಟ್ ಕಾಣವಲ್ದು, ನನ್ನ ಮೀಸಿ ಕಾಣಾಕತ್ತೈತಿ.'

ಹೊಸ ಯಂತ್ರವೊಂದಿದೆ, ಒಂದು ಸಾಲು ಹೇಳಿದರೆ
ಪೂರ್ತಿ ಪುಟ ಬರೆದುಕೊಡುತ್ತದೆ.
ಹೇಳಿದೆ. ಟೀ ತಣಿಯುವಷ್ಟರಲ್ಲಿ ಕೊಟ್ಟಿತು:
ನೇರಳೆ ಬಣ್ಣ (ಯಾರು ಕೇಳಿದ್ದರೋ),
ದುಂಡನೆ ಮೂಲೆಗಳು, ಯಾವ ಊರಿನವರೋ ನಗುವ ನಾಲ್ಕು ಜನ,
ಮತ್ತು ಕನ್ನಡ,
ಮೊಣಕಾಲಿನ ಕೆಳಗೆ ಕತ್ತರಿಸಿದ ಕನ್ನಡ.

ಗುಂಡಿ ಹಾಕುವ ಹುಲಿಗೆಮ್ಮ ಊಟದ ಡಬ್ಬಿ ಹಿಡಿದು ಮೇಲೆ ಬಂದಳು.
ಅಕ್ಷರ ಕೂಡಿಸಿ ಓದಿದಳು: 'ಬಳಾರಿ ಜೀನ್ಸ್.
ಕೊಳಲು ಒತಿ.'
ಆಮೇಲೆ ನಕ್ಕಳು, ಅನ್ನ ನೆತ್ತಿಗೇರುವ ತನಕ.
'ಚಾಚಾ ಕೊಳಲು ಮಾರಾಕ ಹೊಂಟಾನೇನಕ್ಕ?'

ಕೊಳ್ಳಲು ಒತ್ತಿ ಎಂದು ಬರೆದಿದ್ದೆ ನಾನು.
ಒತ್ತು ಎನ್ನುವ ಗುಂಡಿಯಲ್ಲಿ ಒತ್ತೇ ಇರಲಿಲ್ಲ.
ನೆಲದ ಮೇಲೆ ಸಾಲಾಗಿ ನಿಲ್ಲುವ ಅಕ್ಷರಗಳಿಗೆ ಅಳೆದ ಸಾಲು ಅದು;
ನಮ್ಮವು ಕಟ್ಟೆಯ ಮೇಲೆ ಕೂತು ಕಾಲು ಇಳಿಬಿಡುವಂಥವು.

ನಗು ಕೇಳಿ ಹೊನ್ನೂರಸಾಬರು ಹತ್ತಿ ಬಂದರು,
ಕೊರಳಲ್ಲಿ ಟೇಪು, ಕಿವಿಯ ಮೇಲೆ ಸೀಮೆಸುಣ್ಣ.
ಪರದೆಯ ಅಂಚಿಗೆ ಉಗುರು ಎಳೆದು ನೋಡಿದರು,
ಬಟ್ಟೆ ನೋಡುವ ಹಾಗೆ.
'ಗೆರಿಗೇ ಕತ್ತರಿ ಹಾಕಿಯಲ್ಲ ಬೇಟಿ.
ಮಡಚಾಕ ಎಲ್ಲಿ ಬಿಟ್ಟಿ?
ಕೆಳಗ ಅರ್ಧ ಇಂಚು ಬಿಡಬೇಕು.
ಬೆಳಿಯೋ ಹುಡುಗರಿಗಾದರ ಒಂದಿಂಚು.'

ಒಂದು ಅಂಕಿ ಬದಲಿಸಿದೆ, ಅಷ್ಟೇ.
ಳ-ದ ಕೆಳಗೆ ಇನ್ನೊಂದು ಳ ಮೆಲ್ಲಗೆ ಇಳಿದು ಕೂತಿತು.
ಊರಿಗೆ ತನ್ನ ಹೆಸರು ಸಿಕ್ಕಿತು.
ಪುಟ ಸ್ವಲ್ಪ ಉದ್ದವಾಯಿತು, ಚಂದ ಸ್ವಲ್ಪ ಕೆಟ್ಟಿತು;
ಇರಲಿ ಎಂದೆ.

ನಾಲ್ಕಕ್ಕೆ ಕರೆಂಟು ಹೋಯಿತು. ಇಪ್ಪತ್ತೆರಡೂ ಒಟ್ಟಿಗೆ ಸುಮ್ಮನಾದವು.
ಹುಲಿಗೆಮ್ಮನ ಕೈಗೆ ಫೋನು ಕೊಟ್ಟು, ಈಗ ಒತ್ತು ಎಂದೆ.
ಒತ್ತಿದಳು. ಏನೂ ಆಗಲಿಲ್ಲ.
ಸೆರಗಿಗೆ ಒರೆಸಿ ಮತ್ತೆ ಒತ್ತಿದಳು.
ದಿನಕ್ಕೆ ಸಾವಿರದ ಎಂಟುನೂರು ಗುಂಡಿ ಕೂರಿಸಿ
ದಡ್ಡುಗಟ್ಟಿದ ಹೆಬ್ಬೆರಳು,
ಗಾಜಿಗೆ ಅದು ಬೆರಳೆಂದೇ ತಿಳಿಯಲಿಲ್ಲ.
ಗುಂಡಿ ದೊಡ್ಡದು ಮಾಡಿದೆ. ಇನ್ನಷ್ಟು ದೊಡ್ಡದು ಮಾಡಿದೆ.
ಇದಕ್ಕೆ ಬಿಡುವ ಅರ್ಧ ಇಂಚು ಯಾವ ಕಡೆ
ಎಂದು ಹುಡುಕುತ್ತಲೇ ಇದ್ದೆ.

ತೋರುಬೆರಳು ನೋಡಿದಳು, ನಡುಬೆರಳು ನೋಡಿದಳು.
ಕೊನೆಗೆ ಕಿರುಬೆರಳು.
ಅದೊಂದು ಇನ್ನೂ ಮೆತ್ತಗಿತ್ತು.